ಇರಾನಿಗೆ ಸರಕು ಕಳುಹಿಸುವವರೇ, ಪಾವತಿ ಚೀಟಿಯ ಫೋಟೋ ನಂಬಿ ಸರಕಿನ ಹಕ್ಕುಪತ್ರ (ಬಿ.ಎಲ್.) ಬಿಟ್ಟುಕೊಡಬೇಡಿ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಇಪ್ಪತ್ತೆರಡು ವರ್ಷ ಏಲಕ್ಕಿ ವ್ಯಾಪಾರ ಮಾಡಿದವನು ಒಂದು ಫೋಟೋ ನೋಡಿ ಐದು ಟನ್ ಸರಕನ್ನು ಕೈಬಿಟ್ಟೆ ಎಂದು ಹೇಳಿಕೊಳ್ಳುವುದು ಸುಲಭವಲ್ಲ. ಆದರೆ ಕಳೆದ ತಿಂಗಳು ಮೂಡಿಗೆರೆಯ ಪರಿಚಿತರೊಬ್ಬರು ಟೆಹರಾನಿನ ಖರೀದಿದಾರನೊಬ್ಬನ ಆರ್ಡರ್ ಹಿಡಿದುಕೊಂಡು ನನ್ನ ಸಲಹೆ ಕೇಳಲು ಬಂದಾಗ, ಇನ್ನೂ ಸುಮ್ಮನಿರುವುದು ತಪ್ಪು ಎನಿಸಿತು.

ಇರಾನಿನೊಂದಿಗಿನ ವ್ಯವಹಾರ ಮೊದಲು ಹೇಗಿತ್ತೆಂದು ರಫ್ತು ಮಾಡುವವರಿಗೆ ಗೊತ್ತು. ಮಂಗಳೂರಿನ ಎಂಆರ್‌ಪಿಎಲ್ ಸೇರಿದಂತೆ ನಮ್ಮ ತೈಲ ಸಂಸ್ಥೆಗಳು ಕಚ್ಚಾ ತೈಲದ ಹಣವನ್ನು ಯೂಕೋ ಬ್ಯಾಂಕಿನಲ್ಲಿದ್ದ ಇರಾನಿನ ರೂಪಾಯಿ ಖಾತೆಗೆ ಕಟ್ಟುತ್ತಿದ್ದವು. ಅಕ್ಕಿ, ಚಹಾ, ಏಲಕ್ಕಿ ಕಳುಹಿಸಿದ ನಮಗೆ ಅದೇ ಖಾತೆಯಿಂದ ಹಣ ಬರುತ್ತಿತ್ತು. 2019ರ ಮೇ ತಿಂಗಳಲ್ಲಿ, ಇರಾನಿನ ಮೇಲಿನ ನಿರ್ಬಂಧಗಳಿಂದ ಅಮೆರಿಕ ನಮಗೆ ಕೊಟ್ಟಿದ್ದ ವಿನಾಯಿತಿ ಮುಗಿಯಿತು, ನಾವು ಅಲ್ಲಿಂದ ತೈಲ ಕೊಳ್ಳುವುದು ನಿಂತಿತು, ಖಾತೆಯಲ್ಲಿದ್ದ ಹಣ ಕರಗುತ್ತ ಹೋಯಿತು. ನನ್ನ ಖರೀದಿದಾರ 2019ರಲ್ಲಿ ಒಮ್ಮೆ, 2020ರಲ್ಲಿ ಒಮ್ಮೆ ಆ ಖಾತೆಯ ಮೂಲಕವೇ ಪೂರ್ತಿ ಹಣ ಕೊಟ್ಟಿದ್ದ. ಅವನನ್ನು ನಾನು ನಂಬಿದ್ದು ಆ ಎರಡು ಪಾವತಿಗಳಿಂದ.

2022ರ ಜುಲೈನಲ್ಲಿ ಅವನು ಮತ್ತೆ ಕೇಳಿದ. ಐದು ಟನ್, 52 ಲಕ್ಷ ರೂಪಾಯಿ. ರೂಪಾಯಿ ಖಾತೆಯಲ್ಲಿ ಹಣವಿಲ್ಲ, ದುಬೈನ ತನ್ನ ಪಾಲುದಾರ ಕಂಪನಿಯಿಂದ ದಿರ್ಹಮ್‌ನಲ್ಲಿ ಕಳುಹಿಸುತ್ತೇನೆ ಎಂದ. ಮೂರನೆಯವರಿಂದ ಬರುವ ಹಣಕ್ಕೆ ಬ್ಯಾಂಕ್ ಕೇಳಿದ ಕಾಗದಗಳನ್ನೆಲ್ಲ ಒದಗಿಸಿದೆ, ಶೇಕಡಾ 30ರ ಮುಂಗಡವಾಗಿ 15 ಲಕ್ಷ 60 ಸಾವಿರ ಬಂತು. ಉಳಿದದ್ದು ಸರಕು ಇರಾನಿನ ಬಂದರ್ ಅಬ್ಬಾಸ್ ಬಂದರು ಮುಟ್ಟುವ ಮೊದಲು ಬರಬೇಕು, ಅದು ಬಂದ ಮೇಲೆಯೇ ನಾನು ಬಿ.ಎಲ್. ಸರೆಂಡರ್ ಮಾಡಬೇಕು ಎಂಬುದು ಮಾತು. ಕೇವಲ ಮಾತು, ಏಕೆಂದರೆ ನಮ್ಮ ನಡುವೆ ಇದ್ದದ್ದು ಎರಡು ಪುಟದ ಪ್ರೋಫಾರ್ಮಾ ಇನ್‌ವಾಯ್ಸ್ (ಮುಂಗಡ ಬೆಲೆಪಟ್ಟಿ) ಮಾತ್ರ. ತಕರಾರು ಬಂದರೆ ಮಧ್ಯಸ್ಥರ ಮುಂದೆ ತೀರ್ಮಾನ ಎಂಬ ಮಧ್ಯಸ್ಥಿಕೆಯ ಒಂದು ಷರತ್ತನ್ನೂ ನಾನು ಬರೆಸಿರಲಿಲ್ಲ.

ಸೆಪ್ಟೆಂಬರ್ ಎರಡನೆಯ ವಾರ ಹಡಗು ಬಂದರು ಸೇರುವ ಹೊತ್ತಿಗೆ ವಾಟ್ಸಾಪಿನಲ್ಲಿ ಒಂದು ಚೀಟಿಯ ಫೋಟೋ ಬಂತು. ಎಂಟಿ 103 ನಮೂನೆ (ಬ್ಯಾಂಕುಗಳ ಅಂತರರಾಷ್ಟ್ರೀಯ ಸಂದೇಶ ಜಾಲವಾದ ಸ್ವಿಫ್ಟ್‌ನ ಪಾವತಿ ಸಂದೇಶ), ಇರಾನಿನ ದೊಡ್ಡ ಬ್ಯಾಂಕೊಂದರ ಹೆಸರು, ನನ್ನ ಖಾತೆ ಸಂಖ್ಯೆ, ಸರಿಯಾದ ಮೊತ್ತ, ಮೊಹರು. ಕೆಳಗೆ ಅವನ ಮಾತು: "ದಾದಾಶ್, ಹಣ ಹೊರಟಿದೆ. ಬಂದರಿನಲ್ಲಿ ದಿನಕ್ಕೊಂದು ದಂಡ ಬೀಳುತ್ತದೆ, ಇವತ್ತೇ ಬಿಡಿಸಿಕೊಡಿ." ದಾದಾಶ್ ಎಂದರೆ ಅಣ್ಣ. ನಾನು ಅಂದೇ ಮುಂಬೈನ ಹಡಗು ಏಜೆಂಟರಿಗೆ ಮೂಲ ಬಿ.ಎಲ್.ಗಳನ್ನು ಒಪ್ಪಿಸಿ ಟೆಲೆಕ್ಸ್ ರಿಲೀಸ್, ಅಂದರೆ ಅಲ್ಲಿ ಮೂಲ ಕಾಗದ ತೋರಿಸದೆಯೇ ಸರಕು ಬಿಡುಗಡೆಯಾಗುವಂತೆ, ಮಾಡಿಸಿದೆ. ಎರಡು ದಿನದಲ್ಲಿ ಸರಕು ಅವನ ಗೋದಾಮು ಸೇರಿತು.

ಹತ್ತು ದಿನ ಕಳೆದರೂ ಹಣ ಬರಲಿಲ್ಲ. ಚೀಟಿಯ ಪ್ರತಿ ಹಿಡಿದು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಅದನ್ನು ಒಮ್ಮೆ ನೋಡಿ, ನನ್ನ ಮುಖ ನೋಡಿ, "ಸಾರ್, ಈ ಬ್ಯಾಂಕನ್ನು 2018ರ ನವೆಂಬರ್‌ನಲ್ಲೇ ಸ್ವಿಫ್ಟ್‌ನಿಂದ ತೆಗೆದಿದ್ದಾರಲ್ಲ, ಇದು ಅಲ್ಲಿಂದ ಹೇಗೆ ಬರುತ್ತದೆ?" ಎಂದರು. ನನಗೆ ಮಾತೇ ಹೊರಡಲಿಲ್ಲ. ಸ್ವಿಫ್ಟ್ ಇಲ್ಲದ್ದರಿಂದಲೇ ತಾನೆ ನಾವು ರೂಪಾಯಿ ಖಾತೆ, ದಿರ್ಹಮ್ ಎಂದು ಇಷ್ಟು ವರ್ಷ ಒದ್ದಾಡಿದ್ದು? ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಫೋಟೋ ನೋಡಿದಾಗ ಹೊಳೆಯಲಿಲ್ಲ. ಬ್ಯಾಂಕಿನ ಕುರ್ಚಿಯಿಂದ ಏಳಲಾಗದೆ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು.

ಅದೇ ವೇಳೆಗೆ ಅಲ್ಲಿ ಪ್ರತಿಭಟನೆಗಳು ಎದ್ದು ಸರ್ಕಾರ ವಾಟ್ಸಾಪ್ ನಿರ್ಬಂಧಿಸಿತು. ಅವನ ಮೌನಕ್ಕೆ ಅದೇ ಕಾರಣವೆಂದು ಮತ್ತೂ ಐದು ವಾರ ನಂಬಿದೆ. ಕೊನೆಗೆ ಇ-ಮೇಲ್ ಉತ್ತರಗಳು ಬಂದವು. ಮೊದಲನೆಯದು: "ಚಶ್ಮ್, ನಾಳೆ." ನಿಮ್ಮ ಮಾತು ನನ್ನ ಕಣ್ಣಿನ ಮೇಲೆ ಎಂಬ ಅರ್ಥದ ಮರ್ಯಾದೆಯ ಮಾತು ಅದು, ಅದನ್ನು ಒಪ್ಪಿಗೆ ಎಂದುಕೊಂಡದ್ದು ನನ್ನ ತಪ್ಪು. ಎರಡನೆಯದು: "ಚೀಟಿ ಕೊಟ್ಟದ್ದು ಹಣ ಬದಲಿಸುವ ಅಂಗಡಿಯವನು, ನಾನೂ ಮೋಸಹೋಗಿದ್ದೇನೆ." ಮೂರನೆಯದು ಫೆಬ್ರವರಿಯಲ್ಲಿ: "ನಿಮ್ಮ ಹಣವನ್ನು ಸೆಪ್ಟೆಂಬರ್‌ನಲ್ಲೇ ರಿಯಾಲ್ ಮಾಡಿ ಇಟ್ಟಿದ್ದೇನೆ, ಇಲ್ಲಿಗೆ ಬಂದು ಪಡೆದುಕೊಳ್ಳಿ." ಸೆಪ್ಟೆಂಬರ್‌ನಲ್ಲಿ ಮುಕ್ತ ಮಾರುಕಟ್ಟೆಯಲ್ಲಿ ಡಾಲರಿಗೆ ಸುಮಾರು 3 ಲಕ್ಷ ರಿಯಾಲ್ ಇದ್ದದ್ದು, 2023ರ ಫೆಬ್ರವರಿ ಕೊನೆಗೆ 6 ಲಕ್ಷದ ಹತ್ತಿರ ಹೋಗಿತ್ತು. ಅಂದರೆ ನನ್ನ 36 ಲಕ್ಷ 40 ಸಾವಿರದಲ್ಲಿ ಅರ್ಧ ಕೊಟ್ಟರೆ ಅವನ ಲೆಕ್ಕ ಚುಕ್ತಾ. ಅದನ್ನೂ ಕೊಡಲಿಲ್ಲ.

ನಾಲ್ಕನೆಯ ಉತ್ತರ ನನ್ನನ್ನು ಹೆಚ್ಚು ಕೆರಳಿಸಿತು. ಆ ರಿಯಾಲ್‌ಗಳನ್ನೇ ಇರಾನಿನ ಕೇಶ್ಮ್ ದ್ವೀಪದ ಮುಕ್ತ ವಲಯದಲ್ಲಿ ಮಸಾಲೆ ಪ್ಯಾಕ್ ಮಾಡುವ ಘಟಕಕ್ಕೆ ಬಂಡವಾಳವಾಗಿ ಹಾಕೋಣ, ಅಲ್ಲಿ ವಿದೇಶಿಯರು ಪೂರ್ತಿ ಒಡೆತನ ಹೊಂದಬಹುದು, ಮೇಲೆ 20 ಲಕ್ಷ ಕಳುಹಿಸಿ ಎಂದು ಬರೆದ. ಒಡೆತನದ ಮಾತು ನಿಜವೇ. ಆದರೆ ಅವರ 2002ರ ವಿದೇಶಿ ಹೂಡಿಕೆ ಕಾಯ್ದೆಯ ರಕ್ಷಣೆ ಸಿಗುವುದು ಪರವಾನಗಿ ಪಡೆದು ಒಳತಂದ ಬಂಡವಾಳಕ್ಕೆ. ಇವನ ಹೆಸರಿನಲ್ಲಿ, ಇವನ ಖಾತೆಯಲ್ಲಿ ಕೂತಿರುವ ಹಣ ನನ್ನ ಹೂಡಿಕೆ ಹೇಗಾಗುತ್ತದೆ? ಇದನ್ನು ಕೇಳಿದ ಮೇಲೆ ಉತ್ತರಗಳು ನಿಂತವು.

ಒಂಬತ್ತು ತಿಂಗಳಲ್ಲಿ ರಫ್ತಿನ ಹಣ ಬರಲಿಲ್ಲವೆಂದು ಬ್ಯಾಂಕ್ ಪತ್ರಗಳ ಮೇಲೆ ಪತ್ರ ಬರೆಯಿತು, ಪಡೆದಿದ್ದ ಜಿಎಸ್‌ಟಿ ಮರುಪಾವತಿಯನ್ನು ಬಡ್ಡಿ ಸಮೇತ ಹಿಂದಿರುಗಿಸಿದೆ. ಸಕಲೇಶಪುರದ ಕಡೆಯ ಇಬ್ಬರು ಬೆಳೆಗಾರರಿಗೆ ಇನ್ನೂ ಬಾಕಿ ಇದೆ. ಅವರ ಎದುರು ಹೋಗುವಾಗ ಆಗುವ ಸಂಕಟವನ್ನು ಇಲ್ಲಿ ಬರೆಯಲಾರೆ.

ಹಣ ನಿಮ್ಮ ಖಾತೆಗೆ ಜಮೆಯಾಗಿ ನಿಮ್ಮ ಬ್ಯಾಂಕ್ ಹೌದೆನ್ನುವವರೆಗೆ ಬಿ.ಎಲ್. ಕೈಬಿಡಬೇಡಿ, ದಂಡ ಬಿದ್ದರೆ ಬೀಳಲಿ. ಇರಾನಿನ ಬ್ಯಾಂಕಿನ ಎಂಟಿ 103 ತೋರಿಸಿದರೆ, ಮೊದಲು ನಿಮ್ಮ ಬ್ಯಾಂಕಿಗೆ ಕೊಂಡೊಯ್ಯಿರಿ. ಮಧ್ಯಸ್ಥಿಕೆಯ ಷರತ್ತು ಬರೆಸಿಕೊಳ್ಳಿ. ಮಧ್ಯಸ್ಥರ ತೀರ್ಪನ್ನು ಬೇರೆ ದೇಶದಲ್ಲೂ ಜಾರಿಮಾಡಿಸಲು ಇರುವ ನ್ಯೂಯಾರ್ಕ್ ಒಪ್ಪಂದದಲ್ಲಿ ಇರಾನ್ 2001ರಿಂದ ಇದೆ, ಕಡೇಪಕ್ಷ ಕೇಳಲು ಒಂದು ದಾರಿ ಇರುತ್ತದೆ. ನನಗೆ ಅದೂ ಇಲ್ಲ.

ಮೂಡಿಗೆರೆಯ ಪರಿಚಿತರ ಆರ್ಡರಿನಲ್ಲಿ ಖರೀದಿದಾರನ ಹೆಸರು ಬೇರೆಯದೇ ಇತ್ತು. ಹಣ ಕಳುಹಿಸುವ ದುಬೈ ಕಂಪನಿ ಮಾತ್ರ ಅದೇ.