ಮೊದಲು ಟೈರಾ, ಲೈಟಾ, ಸೈಲೆನ್ಸರಾ?

ಬೈಕ್ ಮನೆಗೆ ಬಂದ ತಕ್ಷಣ ಮೊದಲು ಏನು ಬದಲಿಸೋಣ ಅಂದರೆ ಎಲ್ಲರ ಕಣ್ಣು ಸೈಲೆನ್ಸರ್ ಮೇಲೆ. ಅದನ್ನು ಕೊನೆಗೆ ಇಡಿ. ಸದ್ದು ಜಾಸ್ತಿ ಆಗುತ್ತದೆ, ಆದರೆ ಬರೀ ಪೈಪ್ ಬದಲಿಸಿದರೆ ಪಿಕಪ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ, ಜೊತೆಗೆ ಪೊಲೀಸರ ದಂಡ ಬೇರೆ.

ನಿಜವಾದ ಪ್ರಶ್ನೆ ಟೈರ್ ಮೊದಲಾ, ಲೈಟ್ ಮೊದಲಾ ಅನ್ನೋದು. ಮೈಸೂರಲ್ಲೇ ಇದ್ದು, ಬೆಳಿಗ್ಗೆ ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಓಡಿಸುವವರಾದರೆ ಕಣ್ಣು ಮುಚ್ಚಿ ಟೈರ್ ಹಾಕಿಸಿ. ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ರಸ್ತೆ ಹಿಡಿಯುವುದು ಅಂಗೈಯಷ್ಟು ರಬ್ಬರ್ ಮಾತ್ರ, ಅಲ್ವಾ? ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ: 2324 ಅಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ನೋಡಲು ಚೆಂದ ಅಂತ ಸುಮ್ನೆ ಅಗಲದ ಟೈರ್ ಬೇಡ. ರಿಮ್‌ಗೆ ಹೊಂದದಿದ್ದರೆ ಬೈಕ್ ಸಲೀಸಾಗಿ ಬಾಗುವುದಿಲ್ಲ.

ಮಂಡ್ಯ ಕಡೆ ರಾತ್ರಿ ಓಡಾಡುವವರಿಗೆ ನನ್ನ ಓಟು ಲೈಟಿಗೆ. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವೀಸ್ ರಸ್ತೆಯೇ ಗತಿ. ಕಬ್ಬು ಕಡಿಯುವ ಕಾಲದಲ್ಲಿ ಹಿಂದೆ ದೀಪವೇ ಇಲ್ಲದ ಎತ್ತಿನ ಗಾಡಿ, ಲೋಡ್ ತುಂಬಿದ ಟ್ರ್ಯಾಕ್ಟರ್ ತೀರಾ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಹ್ಯಾಲೊಜನ್ ಬಲ್ಬ್ ಇದ್ದರೆ ಮೊದಲು ರಿಲೇ, ಅಂದರೆ ಹ್ಯಾಂಡಲ್ ಸ್ವಿಚ್ ಒತ್ತಿದಾಗ ಲೈಟಿನ ಕರೆಂಟನ್ನು ತಾನೇ ಹಾಯಿಸುವ ಪುಟ್ಟ ಸ್ವಿಚ್, ಹಾಕಿಸಿ. ಬ್ಯಾಟರಿಯಿಂದ ಕರೆಂಟ್ ದಪ್ಪ ವೈರಲ್ಲಿ ನೇರ ಬರುವುದರಿಂದ ಅದೇ 60/55 ವ್ಯಾಟ್ (ಹೈ ಬೀಮ್ 60, ಲೋ ಬೀಮ್ 55) ಬಲ್ಬ್ ಚೆನ್ನಾಗಿ ಉರಿಯುತ್ತದೆ. 100 ವ್ಯಾಟ್ ಬಲ್ಬ್ ಮಾತ್ರ ಬೇಡವೇ ಬೇಡ. ಹೋಲ್ಡರ್ ಕರಗಬಹುದು, ಎದುರಿನವರ ಕಣ್ಣು ಕುಕ್ಕುತ್ತದೆ.

ಸೀಟ್, ಕ್ರ್ಯಾಶ್ ಗಾರ್ಡ್ ಎಲ್ಲ ಆಮೇಲೆ. ಹಿಂದೆ ಮನೆಯವರನ್ನು ಕೂರಿಸಿಕೊಂಡು ಹೋಗುವವರು ದುಡ್ಡು ಉಳಿದರೆ ಒಳ್ಳೆಯ ಬ್ರೇಕ್ ಪ್ಯಾಡ್ ಹಾಕಿಸಿ.