ಕಷ್ಟದ ಇಂಗ್ಲಿಷ್ ಪದಗಳಿಗೆ ನಾಲ್ಕು ದಾರಿ: ಪಟ್ಟಿ, ಬೇರು, ಕಾರ್ಡ್, ಸಂಪಾದಕೀಯ

ಕನ್ನಡ ಮೀಡಿಯಂನಲ್ಲಿ ಓದಿ ಬಂದ ನಮ್ಮಂಥವರಿಗೆ ಆಫೀಸಿನ ಇಂಗ್ಲಿಷ್ ಕೆಲಸಕ್ಕೆ ಸೇರಿದ ಮೇಲೆ ರೂಢಿಯಾಗಿಬಿಡುತ್ತದೆ. ಮೇಲ್, ಮೀಟಿಂಗ್, ಫೋನ್ ಮಾತು ಎಲ್ಲ ಎರಡು ಮೂರು ಸಾವಿರ ಪದಗಳಲ್ಲೇ ನಡೆದುಹೋಗುತ್ತವೆ. ಅಲ್ಲಿಂದ ಮೇಲಕ್ಕೆ ಹತ್ತುವುದೇ ಕಷ್ಟ. ಪಾಲ್ ನೇಷನ್ ಎಂಬ ಭಾಷಾ ಸಂಶೋಧಕರು 2006ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಇಂಗ್ಲಿಷ್ ಕಾದಂಬರಿಯನ್ನೋ ಪತ್ರಿಕೆಯನ್ನೋ ಯಾರ ಸಹಾಯವೂ ಇಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು (ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳು ಎಲ್ಲ ಸೇರಿ ಒಂದು ಕುಟುಂಬ) ಗೊತ್ತಿರಬೇಕು. ನಡುವಿನ ಈ ಸಾವಿರಾರು ಪದಗಳು ದಿನದ ಮಾತಿನಲ್ಲಿ ಕಿವಿಗೆ ಬೀಳುವುದೇ ಅಪರೂಪ. ಹುಡುಕಿಕೊಂಡು ಹೋಗಿಯೇ ಕಲಿಯಬೇಕು.

ಜಿಆರ್‌ಇ ಪರೀಕ್ಷೆಗೆ, ಅಂದರೆ ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಸೇರಲು ಬರೆಯುವ ಪರೀಕ್ಷೆಗೆ, ಓದುವಾಗ ನಾನು ನಾಲ್ಕು ದಾರಿಗಳಲ್ಲಿ ನಡೆದು ನೋಡಿದೆ. ಈಗ ನನ್ನ ಚಿಕ್ಕಪ್ಪನ ಮಗಳು ಧಾರವಾಡದಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. "ಅಣ್ಣಾ, ಇದ್ರಾಗ ಯಾವುದರ ಒಂದು ಹೇಳು, ಎಲ್ಲಾ ಮಾಡಾಕ ಟೈಮ್ ಇಲ್ಲ" ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಹಿಡಿಯುವುದು ಪಟ್ಟಿಯನ್ನೇ. 3,500 ಪದಗಳ ಹಳೆಯ ಜಿಆರ್‌ಇ ಪಟ್ಟಿಯ ಜೆರಾಕ್ಸ್ ಒಬ್ಬರಿಂದ ಒಬ್ಬರಿಗೆ ದಾಟಿ ಬರುತ್ತಿರುತ್ತದೆ. ಅದರಲ್ಲಿರುವುದು ಪದ, ಎದುರಿಗೆ ಒಂದು ಸಾಲಿನ ಅರ್ಥ, ಅಷ್ಟೇ. ಅಕ್ಷರಮಾಲೆಯ ಕ್ರಮದಲ್ಲಿರುವುದೇ ಇದರ ದೊಡ್ಡ ತೊಂದರೆ. ಮೊದಲ ಪುಟದಲ್ಲೇ ಅಬೇಸ್, ಅಬ್ಯಾಶ್, ಅಬೇಟ್, ಅಬೆಟ್ ಎಂದು ಸಾಲಾಗಿ ನಿಂತಿರುತ್ತವೆ. ಒಂದಕ್ಕೆ ಅವಮಾನಿಸು, ಇನ್ನೊಂದಕ್ಕೆ ಮುಜುಗರಪಡಿಸು, ಮತ್ತೊಂದಕ್ಕೆ ತಗ್ಗು, ಕೊನೆಯದಕ್ಕೆ ಕೆಟ್ಟ ಕೆಲಸಕ್ಕೆ ಕುಮ್ಮಕ್ಕು ಕೊಡು ಎಂಬ ಅರ್ಥ. ಒಂದೇ ದಿನ ನಾಲ್ಕನ್ನೂ ಬಾಯಿಪಾಠ ಮಾಡಿದರೆ ಮಾರನೇ ದಿನ ಯಾವುದಕ್ಕೆ ಯಾವುದು ಎಂದೇ ತಿಳಿಯುವುದಿಲ್ಲ. ಒಂದೇ ಥರ ಕೇಳುವ ಪದಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ಪರೀಕ್ಷೆಯೂ ಬದಲಾಗಿದೆ. 2011ರಲ್ಲಿ ಜಿಆರ್‌ಇಯಿಂದ ವಿರುದ್ಧಪದ ಮತ್ತು ಅನಾಲಜಿ (ಒಂದು ಜೋಡಿ ಪದಗಳ ಸಂಬಂಧಕ್ಕೆ ಹೊಂದುವ ಇನ್ನೊಂದು ಜೋಡಿ ಹುಡುಕುವ) ಪ್ರಶ್ನೆಗಳನ್ನು ತೆಗೆದರು. ಈಗ ಪದದ ಪರೀಕ್ಷೆ ನಡೆಯುವುದೆಲ್ಲ ವಾಕ್ಯದೊಳಗೆ. ವಾಕ್ಯದ ಖಾಲಿ ಜಾಗಕ್ಕೆ ಯಾವ ಪದ ಕೂರುತ್ತದೆ ಎಂದು ಕೇಳುತ್ತಾರೆ. ಕೆಲವು ಪ್ರಶ್ನೆಗಳಲ್ಲಿ ಮೂರು ಖಾಲಿ ಜಾಗ ಇರುತ್ತವೆ, ಮೂರೂ ಸರಿಯಾದರೆ ಮಾತ್ರ ಅಂಕ. ಇನ್ನೊಂದು ಬಗೆಯಲ್ಲಿ ಆರು ಪದಗಳಿಂದ ಎರಡನ್ನು ಆರಿಸಬೇಕು, ಎರಡೂ ವಾಕ್ಯಕ್ಕೆ ಒಂದೇ ಅರ್ಥ ಕೊಡಬೇಕು. ಒಂದು ಸಾಲಿನ ಅರ್ಥ ಗೊತ್ತಿದ್ದರೆ ಇಲ್ಲಿ ಅರ್ಧ ಕೆಲಸವೂ ಆಗುವುದಿಲ್ಲ.

ಎರಡನೆಯದು ಬೇರಿನ ದಾರಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಕನ್ನಡದವರಿಗೆ ಇಲ್ಲಿ ಒಂದು ಅನುಕೂಲ ಇದೆ. ನಾರ್ಮನ್ ಲೂಯಿಸ್ ಅವರ 'ವರ್ಡ್ ಪವರ್ ಮೇಡ್ ಈಜಿ' 1949ರ ಪುಸ್ತಕ. ಇವತ್ತಿಗೂ ಅವೆನ್ಯೂ ರೋಡಿನ ಹಳೆ ಪುಸ್ತಕದ ಸಾಲಿನಲ್ಲಿ ಸಿಗುತ್ತದೆ. ಪದಗಳನ್ನು ಲ್ಯಾಟಿನ್, ಗ್ರೀಕ್ ಬೇರುಗಳ ಪ್ರಕಾರ ಗುಂಪು ಮಾಡಿ ಕಲಿಸುವುದು ಅದರ ಪದ್ಧತಿ. ಲ್ಯಾಟಿನ್, ಗ್ರೀಕ್, ಸಂಸ್ಕೃತ ಮೂರೂ ಒಂದೇ ಭಾಷಾಕುಟುಂಬದವು. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದಗಳು ನಮಗೆ ಚಿಕ್ಕಂದಿನಿಂದ ಗೊತ್ತು. ಹಾಗಾಗಿ ಬೇರು ಅರ್ಧ ಪರಿಚಯದ್ದೇ ಆಗಿರುತ್ತದೆ.

'ಜ್ಞಾನ'ದಲ್ಲಿರುವ ಜ್ಞಾ ಮತ್ತು ಗ್ರೀಕಿನ ಗ್ನೋ ಒಂದೇ ಮೂಲದವು. ಆಗ್ನಾಸ್ಟಿಕ್ ಅಂದರೆ ದೇವರಿದ್ದಾನೋ ಇಲ್ಲವೋ ತಿಳಿಯಲು ಸಾಧ್ಯವಿಲ್ಲ ಎನ್ನುವವನು. ಅದರ ಮೊದಲ 'ಅ' ನಮ್ಮ ಅಜ್ಞಾನದ 'ಅ'ನೇ. ಡಯಾಗ್ನೋಸಿಸ್, ಪ್ರಾಗ್ನೋಸಿಸ್, ಕಾಗ್ನಿಜೆಂಟ್, ಇನ್‌ಕಾಗ್ನಿಟೊ ಎಲ್ಲ ಅದೇ ಬಳ್ಳಿಯವು. 'ವಾಕ್' ಗೊತ್ತಿದ್ದರೆ ವೊಸಿಫರಸ್ ಎಂದರೆ ದೊಡ್ಡ ದನಿಯಲ್ಲಿ ಕೂಗುವ ಎಂಬುದು ಹತ್ತಿರವಾಗುತ್ತದೆ. 'ಮೃತ' ಗೊತ್ತಿದ್ದರೆ ಮಾರಿಬಂಡ್, ಅಂದರೆ ಸಾಯುವ ಸ್ಥಿತಿಯಲ್ಲಿರುವ. 'ಪಾದ'ದಿಂದ ಪೆಡ್: ಇಂಪೀಡ್ ಎಂದರೆ ಕಾಲಿಗೆ ತೊಡರು ಹಾಕಿದಂತೆ ಅಡ್ಡಿಪಡಿಸು, ಎಕ್ಸ್‌ಪಿಡೈಟ್ ಎಂದರೆ ಕಾಲಿನ ತೊಡರು ಬಿಚ್ಚಿ ಚುರುಕುಗೊಳಿಸು. ಪಟ್ಟಿಯಲ್ಲಿ ಇವೆರಡರ ನಡುವೆ ನೂರಾರು ಪದಗಳ ಅಂತರ. ಬೇರಿನ ದಾರಿಯಲ್ಲಿ ಎರಡೂ ಜೋಡಿಯಾಗಿ ಬರುತ್ತವೆ, ಜೋಡಿಯಾಗಿಯೇ ನೆನಪಿರುತ್ತವೆ.

ಆದರೆ ಬೇರನ್ನೇ ನಂಬಿ ಅರ್ಥ ಊಹಿಸಲು ಹೋದರೆ ದಾರಿ ತಪ್ಪುತ್ತದೆ. ಪೀಡಿಯಾಟ್ರಿಶಿಯನ್ ಪಾದದ ಡಾಕ್ಟರ್ ಅಲ್ಲ. ಅಲ್ಲಿರುವುದು ಮಗು ಎಂಬ ಅರ್ಥದ ಗ್ರೀಕ್ ಬೇರು. ಸ್ಯಾಂಗ್ವಿನ್ ಪದದ ಬೇರು ರಕ್ತ, ಆದರೆ ಇಂದಿನ ಬಳಕೆಯಲ್ಲಿ ಅದರ ಅರ್ಥ ಒಳ್ಳೆಯದಾಗುತ್ತದೆ ಎಂಬ ಭರವಸೆ ಇರುವವನು. ದೇಹದಲ್ಲಿ ರಕ್ತ ಜಾಸ್ತಿ ಇದ್ದರೆ ಮನುಷ್ಯ ಲವಲವಿಕೆಯಿಂದ ಇರುತ್ತಾನೆ ಎಂಬ ಹಳೆ ಯುರೋಪಿನ ವೈದ್ಯರ ನಂಬಿಕೆ ಗೊತ್ತಿಲ್ಲದಿದ್ದರೆ ರಕ್ತದಿಂದ ಭರವಸೆಗೆ ಸೇತುವೆಯೇ ಸಿಗುವುದಿಲ್ಲ. ಪೆಡೆಸ್ಟ್ರಿಯನ್ ವಿಷಯವೂ ಹಾಗೇ. ರಸ್ತೆಯಲ್ಲಿ ಅದು ನಡೆದು ಹೋಗುವವನು. ಪುಸ್ತಕ ವಿಮರ್ಶೆಯಲ್ಲಿ ಬರವಣಿಗೆ ಪೆಡೆಸ್ಟ್ರಿಯನ್ ಆಗಿದೆ ಎಂದರೆ ಸಪ್ಪೆಯಾಗಿದೆ ಎಂದರ್ಥ. ಗೊತ್ತಿರುವ ಪದವನ್ನು ಮರೆಯದಂತೆ ಹಿಡಿದಿಡಲು ಬೇರು ಬಹಳ ಒಳ್ಳೆಯದು. ಗೊತ್ತಿಲ್ಲದ ಪದದ ಅರ್ಥವನ್ನು ಅದರಿಂದಲೇ ತೀರ್ಮಾನಿಸಬಾರದು.

ಮೂರನೆಯದು ಕಾರ್ಡ್: ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥ. ಇದರ ಹಿಂದಿರುವ ವಿಚಾರ ಹಳೆಯದು. ಕಲಿತದ್ದು ಮೊದಮೊದಲು ಬೇಗ, ಆಮೇಲೆ ನಿಧಾನವಾಗಿ ಮರೆತುಹೋಗುತ್ತದೆ ಎಂದು ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹಾಸ್ 1885ರಲ್ಲೇ ತಮ್ಮ ಮೇಲೇ ಪ್ರಯೋಗ ಮಾಡಿ ತೋರಿಸಿದ್ದರು. ಮರೆಯುವ ಹೊತ್ತಿಗೆ ಮತ್ತೆ ಎದುರಿಗೆ ತಂದರೆ ನೆನಪು ಇನ್ನೂ ಹೆಚ್ಚು ದಿನ ಉಳಿಯುತ್ತದೆ. ಆಂಕಿ ಎಂಬ ಆ್ಯಪ್ ಮಾಡುವುದು ಇದನ್ನೇ. ಕಂಪ್ಯೂಟರ್, ಆಂಡ್ರಾಯ್ಡ್ ಎರಡರಲ್ಲೂ ಉಚಿತ, ಐಫೋನಿಗೆ ಮಾತ್ರ ದುಡ್ಡು. ಕಾರ್ಡ್ ನೋಡಿ, ಉತ್ತರ ಮನಸ್ಸಿನಲ್ಲಿ ಹೇಳಿಕೊಂಡು, ಆಮೇಲೆ ತಿರುಗಿಸಬೇಕು. ಸುಲಭವಾಗಿ ಬಂತೋ ಕಷ್ಟವಾಯಿತೋ ಎಂದು ಒತ್ತಿದರೆ ಮುಂದಿನ ಸಲ ಯಾವಾಗ ತೋರಿಸಬೇಕೆಂದು ಅದೇ ಲೆಕ್ಕ ಹಾಕುತ್ತದೆ.

ಪಟ್ಟಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಪಟ್ಟಿಯಲ್ಲಿ ಕಣ್ಣು ಪದದಿಂದ ಅರ್ಥಕ್ಕೆ ಸುಮ್ನೆ ಜಾರುತ್ತದೆ, ಗೊತ್ತಿದೆ ಅನ್ನಿಸುತ್ತದೆ. ಕಾರ್ಡ್ ಮುಂದೆ ಹಾಗೆ ಅನ್ನಿಸಿಕೊಳ್ಳಲು ಜಾಗ ಇಲ್ಲ. ಆದರೂ ಬೇರೆಯವರು ಮಾಡಿಟ್ಟ ಸಾವಿರ ಪದಗಳ ರೆಡಿಮೇಡ್ ಡೆಕ್, ಅಂದರೆ ಕಾರ್ಡುಗಳ ಕಟ್ಟು, ನನಗೆ ಹಿಡಿಸಲಿಲ್ಲ. ಅದೂ ಚೂರುಚೂರು ಮಾಡಿದ ಪಟ್ಟಿಯೇ ಅಲ್ವಾ? ಪದ ಎಲ್ಲಿಂದ ಬಂತು, ಯಾವ ಮಾತಿನ ನಡುವೆ ಬಂತು ಎಂಬ ಗುರುತೇ ಇರುವುದಿಲ್ಲ. ಇನ್ನೊಂದು ವಿಷಯ: ನಾಲ್ಕು ದಿನ ಬಿಟ್ಟರೆ ನೋಡಬೇಕಾದ ಕಾರ್ಡ್‌ಗಳು ಗುಡ್ಡೆಯಾಗುತ್ತವೆ. ಹೊಸ ಕಾರ್ಡ್ ದಿನಕ್ಕೆ 20 ಎಂದು ಆ್ಯಪ್‌ನಲ್ಲಿ ಮೊದಲೇ ಹೊಂದಿಸಿರುತ್ತದೆ. ಕೆಲಸಕ್ಕೆ ಹೋಗುವವರು ಅದನ್ನು ಎಂಟಕ್ಕೋ ಹತ್ತಕ್ಕೋ ಇಳಿಸುವುದು ಒಳ್ಳೆಯದು.

ತಂಗಿ ಕಾಗದದ ಕಾರ್ಡ್ ಹಿಡಿದಿದ್ದಾಳೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಬರಹಗಾರ 1970ರ ದಶಕದಲ್ಲಿ ಜನಪ್ರಿಯ ಮಾಡಿದ ಪದ್ಧತಿ ಅದು. ಹಳೆ ಮದುವೆ ಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿಕೊಂಡು, ಚಪ್ಪಲಿ ಡಬ್ಬಿಯಲ್ಲಿ ಐದು ಖಾನೆ ಮಾಡಿದ್ದಾಳೆ. ಗೊತ್ತಾದ ಕಾರ್ಡ್ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ್ದು ಮೊದಲನೆಯದಕ್ಕೆ ವಾಪಸ್. ಮೊದಲ ಖಾನೆ ದಿನಾ, ಐದನೆಯದು ತಿಂಗಳಿಗೊಮ್ಮೆ. ಮೆಟ್ರೊದಲ್ಲಿ ನಿಂತು ಓದುವವರಿಗೆ ಆ್ಯಪೇ ಸರಿ. ಪಿಜಿಯಲ್ಲಿ ರೂಮ್‌ಮೇಟ್‌ಗಳ ಜೊತೆ ಒಬ್ಬರನ್ನೊಬ್ಬರು ಕೇಳಿಕೊಂಡು ಓದುವವರಿಗೆ ಡಬ್ಬಿ ಒಳ್ಳೆಯದು, ಫೋನ್ ಕೈಗೆತ್ತಿಕೊಳ್ಳುವ ಪ್ರಮೇಯವೂ ಇಲ್ಲ.

ಕೊನೆಯದು ಸಂಪಾದಕೀಯ ಓದುವುದು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು. ಧಾರವಾಡದಲ್ಲಾಗಲಿ ಬೆಂಗಳೂರಿನ ವಿಜಯನಗರದಲ್ಲಾಗಲಿ ಕೋಚಿಂಗ್ ಸೇರಿದವರ ಕೈಯಲ್ಲಿ 'ದಿ ಹಿಂದೂ' ಇರುವುದು ಸುಮ್ಮನೆ ಅಲ್ಲ. ಇದು ನಾಲ್ಕರಲ್ಲೂ ನಿಧಾನದ ದಾರಿ. ಮೊದಲು ಒಂದು ಸಂಪಾದಕೀಯಕ್ಕೇ ಬೆಳಗ್ಗೆಯ ಹೊತ್ತೆಲ್ಲ ಹೋಗುತ್ತದೆ. ಆದರೆ ಮಿಟಿಗೇಟ್ ಎಂಬ ಪದವನ್ನೇ ನೋಡಿ. ಪಟ್ಟಿಯಲ್ಲಿ ಅದರ ಎದುರಿಗೆ 'ಕಡಿಮೆ ಮಾಡು' ಎಂದಿರುತ್ತದೆ. ಅಲೀವಿಯೇಟ್ ಎದುರಿಗೂ ಅದೇ, ಅಬೇಟ್ ಎದುರಿಗೂ ಹೆಚ್ಚು ಕಡಿಮೆ ಅದೇ. ಪತ್ರಿಕೆ ಓದುತ್ತಾ ಹೋದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಮಿಟಿಗೇಟ್ ಬರುವುದು ಅಪಾಯ, ಪರಿಣಾಮ, ಹವಾಮಾನ ಬದಲಾವಣೆ ಇಂಥವುಗಳ ಜೊತೆ. ಅಲೀವಿಯೇಟ್ ಬರುವುದು ನೋವು, ಬಡತನ, ಸಂಕಟದ ಜೊತೆ. ಬಿರುಗಾಳಿ, ಪ್ರವಾಹ, ಸಿಟ್ಟು ತಾವಾಗಿಯೇ ಇಳಿದರೆ ಅಬೇಟ್. ಯಾವ ಪದ ಯಾರ ಜೊತೆ ಬರುತ್ತದೆ ಎಂಬ ಈ ತಿಳಿವಳಿಕೆಯನ್ನು ಉಳಿದ ಮೂರು ದಾರಿಗಳು ಕೊಡಲೇ ಇಲ್ಲ. ಐಇಎಲ್‌ಟಿಎಸ್‌ನಲ್ಲಿ (ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ) ಮಾತಿಗೂ ಬರವಣಿಗೆಗೂ ಅಂಕ ಕೊಡುವ ನಾಲ್ಕು ಅಳತೆಗಳಲ್ಲಿ ಪದಬಳಕೆ ಒಂದು. ದೊಡ್ಡ ಪದವನ್ನು ಹೊಂದದ ಕಡೆ ತುರುಕಿದರೆ ಅಲ್ಲಿ ಲಾಭವಿಲ್ಲ.

ಸುಲಭ ಪದಗಳ ಎರಡನೇ ಮುಖ ಕಾಣುವುದೂ ಓದಿನಲ್ಲೇ. ಕ್ವಾಲಿಫೈ ಎಂದರೆ ಅರ್ಹನಾಗು ಎಂದು ಎಲ್ಲರಿಗೂ ಗೊತ್ತು. ಆದರೆ ಹೇಳಿದ ಮಾತನ್ನು ಕ್ವಾಲಿಫೈ ಮಾಡಿದರು ಎಂದರೆ ಅದಕ್ಕೊಂದು ಮಿತಿ ಹಾಕಿದರು ಎಂದು. ಉತ್ಸಾಹ ಫ್ಲ್ಯಾಗ್ ಆಯಿತು ಎಂದರೆ ಕುಗ್ಗಿತು. ಸ್ಯಾಂಕ್ಷನ್ ಅಂತೂ ಒಂದು ಕಡೆ ಒಪ್ಪಿಗೆ, ಇನ್ನೊಂದು ಕಡೆ ನಿರ್ಬಂಧ. ಇವೆಲ್ಲ ಗೊತ್ತಿರುವ ಪದಗಳೇ ಎಂದು ಯಾರೂ ಪಟ್ಟಿಯಲ್ಲಿ ಹುಡುಕುವುದೇ ಇಲ್ಲ.

ಪಕ್ಕದಲ್ಲಿ ಯಾವ ನಿಘಂಟು ಎಂಬುದೂ ಮುಖ್ಯ. ಇಂಗ್ಲಿಷ್-ಕನ್ನಡ ನಿಘಂಟು ಅರ್ಥ ಬೇಗ ಹೊಳೆಯಲು ಬೇಕೇ ಬೇಕು. ಬಳಕೆ ತಿಳಿಯಲು ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟು ನೋಡಿ. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಸುಮಾರು 2,000 ಸರಳ ಪದಗಳಲ್ಲೇ ಅರ್ಥ ವಿವರಿಸುವ ಪದ್ಧತಿ ಇಟ್ಟುಕೊಂಡಿತು. 1987ರ ಕೋಬಿಲ್ಡ್ ನಿಘಂಟು ಅರ್ಥವನ್ನೇ ಪೂರ್ತಿ ವಾಕ್ಯದಲ್ಲಿ ಬರೆಯಿತು, ಪದ ಬಳಸುವ ರೀತಿ ಅರ್ಥದೊಳಗೇ ಸಿಕ್ಕಿಬಿಡುತ್ತದೆ. ಕನ್ನಡ ಮೀಡಿಯಂನವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಒಂದನ್ನೇ ಆರಿಸು ಎಂದರೆ ನಾನು ಆರಿಸುವುದು ನಾನೇ ಓದಿದ ವಾಕ್ಯದಿಂದ ಮಾಡಿದ ಕಾರ್ಡ್. ಮುಂದೆ ಸಂಪಾದಕೀಯದ ಪೂರ್ತಿ ವಾಕ್ಯ, ಪದದ ಜಾಗ ಖಾಲಿ. ಹಿಂದೆ ಪದ, ಕನ್ನಡದಲ್ಲಿ ಅರ್ಥ, ಜೊತೆಗೆ ಬರುವ ಎರಡು ಮೂರು ಪದಗಳು. ಬೇರು ಸಹಾಯ ಮಾಡುವಂತಿದ್ದರೆ ಅದೂ ಒಂದು ಸಾಲು. ಒಂದು ಕಾರ್ಡ್ ಬರೆಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಬರೆಯುವಾಗಲೇ ಪದ ಅರ್ಧ ಕಲಿತಾಗಿರುತ್ತದೆ. ಬೇರಿನ ಪುಸ್ತಕವನ್ನು ಭಾನುವಾರಕ್ಕೆ ಇಟ್ಟುಕೊಳ್ಳಬಹುದು.

ಇದಕ್ಕೆ ಆರು ತಿಂಗಳಾದರೂ ಬೇಕು. ತಂಗಿಯ ಕೈಯಲ್ಲಿ ಅಷ್ಟು ಸಮಯ ಇಲ್ಲ. ಅವಳಿಗೆ ಹೇಳಿದ್ದು ಬೇರೆ: ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಪದಗಳನ್ನಷ್ಟೇ ಗುರುತು ಮಾಡಿಕೋ. ಅಕ್ಷರಮಾಲೆಯ ಕ್ರಮ ಕಲಸಿಬಿಡು. ಒಂದೊಂದು ಪದಕ್ಕೂ ನಿಘಂಟಿನಿಂದ ಒಂದು ವಾಕ್ಯ ಇಳಿಸಿಕೊಂಡು ಡಬ್ಬಿಗೆ ಹಾಕು. ಸಂಪಾದಕೀಯ ದಿನಕ್ಕೊಂದು ಸಾಕು, ಅದರಲ್ಲಿ ನಿನ್ನ ಡಬ್ಬಿಯಲ್ಲಿರುವ ಪದ ಸಿಕ್ಕರೆ ಆ ವಾಕ್ಯವನ್ನೂ ಅದೇ ಕಾರ್ಡಿನ ಮೇಲೆ ಬರಿ.