ಫ್ರೀಜರ್‌ನ ಪಫ್ ಪೇಸ್ಟ್ರಿ ಹಾಳೆ: ಈರುಳ್ಳಿ–ಚೀಸ್ ಟಾರ್ಟ್‌ಗೆ ಎಷ್ಟು ಯೋಗ್ಯ?

ಬೇಕರಿಯ ಪಫ್ ತಿಂದು ಬೆಳೆದ ನನಗೆ, ಪದರ ಪದರವಾಗಿ ಉಬ್ಬುವ ಆ ಹಿಟ್ಟನ್ನು ಮನೆಯಲ್ಲೇ ಲಟ್ಟಿಸಿ ಮಡಿಸುವ ತಾಳ್ಮೆಯಿಲ್ಲ. ಆದ್ದರಿಂದ ಸೂಪರ್ ಮಾರ್ಕೆಟ್ಟಿನಿಂದ ಪಫ್ ಪೇಸ್ಟ್ರಿ ಹಾಳೆಗಳ ಪೊಟ್ಟಣವೊಂದನ್ನು ತಂದು ಈರುಳ್ಳಿ–ಚೀಸ್ ಟಾರ್ಟ್ (ಮೇಲ್ಭಾಗ ಮುಚ್ಚದೆ ಓವನ್ನಿನಲ್ಲಿ ಬೇಯಿಸುವ ತಿಂಡಿ) ಮಾಡಿ ನೋಡಿದೆ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿದ್ದರಿಂದ ಹಾಳೆಗಳು ಬಿರುಕು ಬಿಡದೆ ಬಿಚ್ಚಿಕೊಂಡವು. ಅಂಚಿನಿಂದ 1 ಸೆಂ.ಮೀ. ಒಳಗೆ ಚಾಕುವಿನಿಂದ ಗೀರಿ, ನಡುಭಾಗವನ್ನು ಫೋರ್ಕಿನಿಂದ ಚುಚ್ಚಿ, 200 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿದ ಓವನ್ನಿನಲ್ಲಿ 25 ನಿಮಿಷ ಇಟ್ಟಾಗ, ಪದರಗಳ ನಡುವಿನ ನೀರಿನಂಶ ಹಬೆಯಾಗಿ ಅಂಚುಗಳನ್ನು ಸೊಗಸಾಗಿ ಎತ್ತಿತು. ಆದರೆ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿದ್ದ ‘ಮಾರ್ಗರಿನ್’ (ಬೆಣ್ಣೆಯ ಬದಲು ಬಳಸುವ, ಹೆಚ್ಚಾಗಿ ಸಸ್ಯಜನ್ಯ ಎಣ್ಣೆಯಿಂದ ಮಾಡಿದ ಕೊಬ್ಬು) ಎಂಬ ಪದವನ್ನು ನಾನು ಗಮನಿಸಿದ್ದು ತಿಂದ ಮೇಲೆ: ಬೆಣ್ಣೆಯ ಪರಿಮಳವಿಲ್ಲ, ಆರಿದ ತುಣುಕು ಅಂಗುಳಕ್ಕೆ ಜಿಡ್ಡಾಗಿ ಅಂಟುತ್ತದೆ. ಈ ಕೊರತೆಯನ್ನು ಬಹುಮಟ್ಟಿಗೆ ಮುಚ್ಚಿದ್ದು ಈರುಳ್ಳಿ. ಅದನ್ನು ಚಿಟಿಕೆ ಉಪ್ಪಿನೊಂದಿಗೆ ಸಣ್ಣ ಉರಿಯಲ್ಲಿ ಸುಮಾರು 40 ನಿಮಿಷ, ಕಂದು ಬಣ್ಣಕ್ಕೆ ತಿರುಗುವವರೆಗೆ ಬಾಡಿಸಿ, ಪೂರ್ತಿ ಆರಿಸಿದ ಮೇಲೆಯೇ ಹರಡಬೇಕು. ಅವಸರದಲ್ಲಿ ಬಿಸಿಬಿಸಿಯಾಗಿ ಹಾಕಿದ ನನ್ನ ಮೊದಲ ಟಾರ್ಟಿನ ತಳ ಹಸಿಯಾಗಿಯೇ ಉಳಿಯಿತು. ಚೀಸ್ ಯಾವುದಾದರೂ ನಡೆಯುತ್ತದೆ, ಚೆಡ್ಡರ್ ಆದರೆ ರುಚಿ ಹೆಚ್ಚು. ಸಂಜೆಯ ಕಾಫಿಗೆ ನೆಂಟರು ಬರುವುದಿದ್ದರೆ ಈ ಹಾಳೆಗಳನ್ನು ಮತ್ತೆ ಕೊಳ್ಳುತ್ತೇನೆ. ಪಕ್ಕದಲ್ಲೇ ಬೆಣ್ಣೆಯಿಂದ ಮಾಡಿದ ಪೊಟ್ಟಣ ಕಂಡರೆ ಮಾತ್ರ ಇವನ್ನು ಮುಟ್ಟುವುದಿಲ್ಲ.